ಗಿರಣಿ ಮನೆಯ ಮುದಿ ಬೆಕ್ಕು

ಇತ್ತೀಚೆಗೆ ನೌಕರಿಗೆ ಸೇರಿದ ಪಶುವೈದ್ಯೆಯೊಬ್ಬಳು ವಿಜಯಪುರದ ನಮ್ಮ ಮನೆಗೆ ಬಂದಿದ್ದಳು. ಚಹಾ ಕುಡಿಯುತ್ತ, "ಸರ್, ಹತ್ತು ಹನ್ನೆರಡು ವರ್ಷದ ಬೆಕ್ಕು ಒಮ್ಮೆಲೇ ಕಚ್ಚಾಕ ಶುರು ಮಾಡಿದ್ರ ಮೊದಲ ಏನ್ ನೋಡ್ಬೇಕ್ರಿ?" ಎಂದು ಕೇಳಿದಳು. ಪುಸ್ತಕದಲ್ಲಿರುವುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ರಕ್ತ ಪರೀಕ್ಷೆ ಇದೆ, ಹಲ್ಲಿನ ಎಕ್ಸ್‌ರೇ ಇದೆ, ಇನ್ನೂ ಏನೇನೋ ಇವೆ. ನನಗೆ ನೆನಪಾದದ್ದು ಟಿಕೋಟದ ಒಂದು ಹಿಟ್ಟಿನ ಗಿರಣಿ. ಅರ್ಧ ಹೇಳಿ ಮಾತು ಬೇರೆ ಕಡೆ ತಿರುಗಿಸಿದೆ. ಉಳಿದರ್ಧವನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಬಡ್ತಿ, ವರ್ಗಾವಣೆ, ಬೀಳ್ಕೊಡುಗೆಯ ಶಾಲು ಇವನ್ನೆಲ್ಲ ಬರೆಯುವುದಿಲ್ಲ. ಶಾಲು ಹೊದಿಸಿಕೊಂಡು ಫೋಟೋಕ್ಕೆ ನಿಂತ ಮೇಲೆ ಕೆಲಸ ಮಾಡಿದವನೂ ಮಾಡದವನೂ ಒಂದೇ ಥರ ಕಾಣುತ್ತಾರೆ.

ಎಪ್ಪತ್ತರ ದಶಕದ ನಡುವಿನ ಮಾತು. ಟಿಕೋಟದಲ್ಲಿ ನಾನು ದನದ ಡಾಕ್ಟರ್. ಎರಡು ಖೋಲಿಯ ದವಾಖಾನೆ, ಅಂಗಳದಲ್ಲಿ ಎತ್ತು ನಿಲ್ಲಿಸಿ ಕಟ್ಟುವ ಕಟ್ಟಿಗೆಯ ಚೌಕಟ್ಟು, ಒಂದು ಸೈಕಲ್ಲು, ಮತ್ತು ಕಂಪೌಂಡರ್ ಗುರುಪಾದಪ್ಪ. ನನಗೆ ಆಗ ಇಪ್ಪತ್ತೆಂಟು, ಅವನಿಗೆ ಐವತ್ತು ದಾಟಿತ್ತು. ಪದವಿ ನನ್ನದು, ಬುದ್ಧಿ ಅವನದು. ಇದನ್ನು ಒಪ್ಪಿಕೊಳ್ಳಲು ನನಗೆ ಒಂದು ವರ್ಷ ಬೇಕಾಯಿತು.

ಕಾಖಂಡಕಿಯ ರೈತನೊಬ್ಬ ಒಮ್ಮೆ ಎಮ್ಮೆ ಹೊಡೆದುಕೊಂಡು ಬಂದ. ನಾಲ್ಕು ದಿನದಿಂದ ಹಾಲಿಲ್ಲ, ಕೆಚ್ಚಲಿಗೆ ಕೈ ಹಚ್ಚಿದರೆ ಒದೆಯುತ್ತದೆ. ನಾನು ಜ್ವರ ನೋಡಿದೆ, ಕೆಚ್ಚಲು ಹಿಚುಕಿದೆ, ಪುಡಿ ಬರೆದುಕೊಟ್ಟೆ. ಗುರುಪಾದಪ್ಪ ಎಮ್ಮೆಯನ್ನು ಮುಟ್ಟಲೇ ಇಲ್ಲ. ಬೀಡಿ ಹಚ್ಚಿಕೊಂಡು ರೈತನನ್ನು ಕೇಳಿದ, "ಮನ್ಯಾಗ ಹೊಸಾದು ಏನ್ ಬಂದೈತಿ, ಹಳೇದು ಏನ್ ಹೋಗೈತಿ? ಖರೇ ಹೇಳು."

ಅವನು ನೆಲ ನೋಡುತ್ತ, "ಹೆಂಡ್ತಿ ತವರಿಗಿ ಹೋಗ್ಯಾಳ್ರಿ. ಸಿಟ್ಟಿಲೆ" ಅಂದ.

"ದಿನಾ ಹಿಂಡಾಕಿ ಯಾರು?"

"ಆಕಿನಽರಿ."

"ಹಂಗಾದ್ರ ಪುಡಿ ಯಾತಕ್ಕ? ಆಕಿ ಹಳೇ ಸೀರಿ ಮೈತುಂಬ ಸುತ್ಕೊಂಡು ಹಿಂಡಾಕ ಕುಂಡ್ರು. ಮೀಸಿ ಕಾಣದಂಗ ಸೆರಗ ಹೊತ್ಕೊ."

ಮೀಸೆ ಹೊತ್ತ ಆ ಗೃಹಸ್ಥ ಸೀರೆ ಉಟ್ಟು ಕುಳಿತನಂತೆ, ಎಮ್ಮೆ ಹಾಲು ಬಿಟ್ಟಿತಂತೆ. ಎಂಟು ದಿನ ಊರೆಲ್ಲ ನಕ್ಕಿತು. ಹೆಂಡತಿಯ ತವರಿಗೂ ಸುದ್ದಿ ಮುಟ್ಟಿ, ಅವಳು ನಗು ತಡೆಯಲಾರದೆ ತಾನೇ ತಿರುಗಿ ಬಂದಳು. ಗುರುಪಾದಪ್ಪನ ಆ ಪ್ರಶ್ನೆಯನ್ನು ನಾನು ಅಂದಿನಿಂದ ಎಲ್ಲರಿಗೂ ಕೇಳುತ್ತ ಬಂದೆ. ಕೇಳಲೇಬೇಕಾಗಿದ್ದ ಒಂದು ದಿನ ಮಾತ್ರ ಕೇಳಲಿಲ್ಲ.

ದವಾಖಾನೆಯಿಂದ ನಾಲ್ಕು ಹೆಜ್ಜೆಯಲ್ಲಿ ಹಾಜರಾಬಿಯ ಗಿರಣಿ ಇತ್ತು. ಗಂಡ ತೀರಿಕೊಂಡ ಮೇಲೆ ಗಿರಣಿಯನ್ನು ತಾನೇ ನಡೆಸುತ್ತಿದ್ದ ಗಟ್ಟಿ ಹೆಂಗಸು. ಹುಬ್ಬು, ರೆಪ್ಪೆ, ಸೆರಗು ಎಲ್ಲದರ ಮೇಲೂ ಸದಾ ಜೋಳದ ಹಿಟ್ಟು. ಊರಿಗೆಲ್ಲ ಅವಳು ಚಾಚಿ, ನನಗೂ ಚಾಚಿ. ಒಬ್ಬಳೇ ಮಗಳು ಮುಮ್ತಾಜಳನ್ನು ಬಬಲೇಶ್ವರಕ್ಕೆ ಕೊಟ್ಟಿದ್ದಳು. ಗಿರಣಿಯ ಇಲಿ ಕಾಯಲು ಒಂದು ಬೂದು ಗಂಡು ಬೆಕ್ಕಿತ್ತು, ಹೆಸರು ಬಾದಶಾ. ಮುಮ್ತಾಜ ಸಾಲಿಗೆ ಹೆಸರು ಹಚ್ಚಿದ ವರ್ಷ ಮರಿಯನ್ನು ಲಂಗದಲ್ಲಿ ಕಟ್ಟಿಕೊಂಡು ತಂದಿದ್ದಳಂತೆ. ಅಂದರೆ ಹದಿನಾಲ್ಕು ವರ್ಷದ ಮುದುಕ. ಅವಳ ಮದುವೆಯಾದ ಮೇಲೆ ಮೂರು ದಿನ ಅದು ಅನ್ನ ಮುಟ್ಟಿರಲಿಲ್ಲ ಎಂದು ಚಾಚಿಯೇ ಹೇಳಿದ್ದಳು.

ಮುಮ್ತಾಜ ಚೊಚ್ಚಲ ಬಾಣಂತನಕ್ಕೆ ಬರುವವಳಿದ್ದಳು. ಚಾಚಿ ಒಂದು ಖಾಲಿ ಬಾಟ್ಲಿ ಹಿಡಿದುಕೊಂಡು ದವಾಖಾನೆಗೆ ಬಂದಳು. "ಸಾಹೇಬ್ರ, ಗಿರಣಿ ಮುಂದ ದಿನಾ ಕತ್ತೆ, ಎತ್ತು ನಿಂದರ್ತಾವ. ನೊಣ ಭಾಳ ಅದಾವ. ಮಗಳ ಖೋಲಿ ಒರಸಾಕ ನಿಮ್ಮ ಆ ಕರೇ ಎಣ್ಣಿ ಜರಾ ಕೊಡ್ರಿ."

ಕರೇ ಎಣ್ಣೆ ಅಂದರೆ ಫಿನೈಲ್. ನೀರಿಗೆ ಬಿದ್ದ ಕೂಡಲೇ ಹಾಲಿನ ಬಣ್ಣವಾಗುವ ಆ ಕಪ್ಪು ದ್ರವ ಆಗ ನಮ್ಮ ಇಡೀ ಶಾಸ್ತ್ರ. ಗಾಯದ ಹುಳಕ್ಕೆ ಅದೇ, ನೆಲಕ್ಕೆ ಅದೇ. ನಾನು ಬಾಟ್ಲಿ ತುಂಬಿ ಕೊಟ್ಟು ದೊಡ್ಡಸ್ತಿಕೆ ಬೇರೆ ಕೊಚ್ಚಿಕೊಂಡೆ: "ಇಡೀ ಮನಿ ಒರಸ್ರಿ ಚಾಚಿ, ಒಂದು ನೊಣ ಬಂದ್ರ ನನ್ನ ಕರೀರಿ!"

ಮುಮ್ತಾಜ ಬಂದಳು, ಏಳು ತುಂಬಿ ಎಂಟರಲ್ಲಿದ್ದಳು. ಎರಡು ದಿನ ಬಾದಶಾ ಅವಳ ಹಾಸಿಗೆ ಬಿಟ್ಟು ಕದಲಲಿಲ್ಲ. ಮೂರನೆಯ ದಿನ ಜೋಳದ ಕಣಜದ ಸಂದಿಯಲ್ಲಿ ಹೊಕ್ಕು ಕುಳಿತುಕೊಂಡಿತು. ಬಾಯಿಂದ ಜೊಲ್ಲು, ಹಾಲು ನೀರು ಏನೂ ಬೇಡ, ಕರೆದರೆ ಗುರ್ ಅನ್ನುತ್ತದೆ. ಮುಮ್ತಾಜ ಹಾಲಿನ ಬಟ್ಟಲು ಹಿಡಿದು ಕೈ ಚಾಚಿ ಗದ್ದ ಸವರಲು ಹೋದಳು. ಬೆಕ್ಕು ಅವಳ ಅಂಗೈಯನ್ನು ಎಲುಬಿಗೆ ತಾಗುವಂತೆ ಕಚ್ಚಿತು.

ನನ್ನನ್ನು ಕರೆದರು. ಹೋದೆ. ಬಾಗಿಲಲ್ಲಿ ನಿಂತು ಕೋಲಿನಿಂದ ಗೋಣಿಚೀಲ ಸರಿಸಿ ನೋಡಿದೆ. ಜೊಲ್ಲು ಕಂಡಿತು, ಕಾಲು ತಡವರಿಸುವುದು ಕಂಡಿತು. ಬಾಯಿ ತೆರೆದು ನೋಡುವ ಧೈರ್ಯ ನನಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ? "ಚಾಚಿ, ಇದು ಹುಚ್ಚಿನ ಲಕ್ಷಣ" ಅಂದುಬಿಟ್ಟೆ.

ಒಂದು ಮಾತು ಸಾಕಾಯಿತು. ಅರ್ಧ ತಾಸಿನಲ್ಲಿ ಗಿರಣಿ ಮುಂದೆ ಬಡಿಗೆ ಹಿಡಿದ ಹತ್ತು ಮಂದಿ. "ಡಾಕ್ಟ್ರ, ಸರೀರಿ, ಮುಗಿಸಿಬಿಡ್ತೀವಿ" ಅನ್ನುವವರು. ಮುಮ್ತಾಜ ರಕ್ತ ಸೋರುವ ಕೈಗೆ ಅರಿವೆ ಸುತ್ತಿಕೊಂಡು ಬಾಗಿಲಿಗೆ ಅಡ್ಡ ನಿಂತಳು. ತುಂಬಿದ ಬಸುರಿಯನ್ನು ದೂಡುವವರು ಯಾರು? ನನಗೂ ಆಗ ಓದಿದ್ದು ನೆನಪಾಯಿತು. ಕಚ್ಚಿದ ಪ್ರಾಣಿ ಹತ್ತು ದಿನ ಬದುಕಿ ಉಳಿದರೆ ಕಚ್ಚಿಸಿಕೊಂಡವರಿಗೆ ಹುಚ್ಚಿನ ಭಯ ಇಲ್ಲ. ಕೊಂದುಬಿಟ್ಟರೆ ಗೊತ್ತಾಗುವುದೇ ಕಷ್ಟ. "ಹತ್ತು ದಿನ ಯಾರೂ ಮುಟ್ಟಬ್ಯಾಡ್ರಿ" ಎಂದು ಜನರನ್ನು ಕಳಿಸಿದೆ. ದೊಡ್ಡ ಕೋಳಿ ಬುಟ್ಟಿ ಕವುಚಿ ಬೆಕ್ಕನ್ನು ಒಳಗೆ ಹಾಕಿ, ಮೇಲೆ ಗಿರಣಿಯ ಹಳೆಯ ಬೀಸುಕಲ್ಲು ಇಟ್ಟೆವು. ಕೆಳಗೆ ಹಾಸಲು ಚಾಚಿ ಒಂದು ಗೋಣಿತಟ್ಟು ತಂದಳು.

ಆದರೆ ಮುಮ್ತಾಜ ಹತ್ತು ದಿನ ಕಾಯುವಂತಿರಲಿಲ್ಲ. ಆಗ ಹುಚ್ಚಿನ ಸೂಜಿ ಹೊಟ್ಟೆಗೇ ಹಾಕುತ್ತಿದ್ದರು, ಹದಿನಾಲ್ಕು. ಎಂಟು ತಿಂಗಳ ಬಸುರಿನ ಹೊಟ್ಟೆಗೆ! ವಿಜಾಪುರದ, ಅಂದರೆ ಈಗಿನ ವಿಜಯಪುರದ, ಆಸ್ಪತ್ರೆಯ ಡಾಕ್ಟರು, "ಬ್ಯಾರೆ ದಾರಿ ಇಲ್ಲಮ್ಮ. ಹತ್ತು ದಿನಕ್ಕ ಬೆಕ್ಕು ಬದುಕಿತ್ತಂದ್ರ ನಿಲ್ಲಿಸ್ತೀನಿ" ಅಂದರು. ಚಾಚಿ ಗಿರಣಿಗೆ ಬೀಗ ಹಾಕಿ ದಿನಾ ಮಗಳನ್ನು ಬಸ್ಸಿನಲ್ಲಿ ಕರೆದೊಯ್ದಳು. ಊರಿನವರು ಜೋಳದ ಚೀಲ ಹೊತ್ತು ಬಂದು ಬಾಗಿಲು ನೋಡಿ ಹಿಂತಿರುಗುತ್ತಿದ್ದರು. ಬೆಕ್ಕು ದಿನದಿಂದ ದಿನಕ್ಕೆ ಕುಗ್ಗುತ್ತಿತ್ತು. ನಾನು ಬೆಳಿಗ್ಗೆ ಸಂಜೆ ಹೋಗಿ ದೂರದಿಂದ ನೋಡಿ ಬರುತ್ತಿದ್ದೆ. ಅದು ಸತ್ತರೆ ಏನು ಎಂದು ಯೋಚಿಸಿದರೆ ಊಟ ಸೇರುತ್ತಿರಲಿಲ್ಲ.

ಗುರುಪಾದಪ್ಪ ಈ ಹೊತ್ತಿನಲ್ಲಿ ರಜೆ ಹಾಕಿ ತನ್ನೂರು ಭೂತನಾಳಕ್ಕೆ ಹೋಗಿದ್ದ. ಬೆಕ್ಕು ಕಚ್ಚಿದ ನಾಲ್ಕನೆಯ ದಿನ ಮಧ್ಯಾಹ್ನ ಬಂದವನೇ ಸುದ್ದಿ ಕೇಳಿ ನನ್ನ ಜೊತೆ ಗಿರಣಿಗೆ ಬಂದ. ಬುಟ್ಟಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತ, ಮೂಗು ಅರಳಿಸಿದ.

"ಸಾಹೇಬ್ರ, ಈ ಬೆಕ್ಕು ನಮ್ಮ ದವಾಖಾನಿ ವಾಸನಿ ಹೊಡ್ಯಾಕತ್ತೈತಲ್ರಿ."

ನನಗೆ ಯಾವ ವಾಸನೆಯೂ ಬರಲಿಲ್ಲ. ದಿನಾ ಅದರಲ್ಲೇ ಮುಳುಗೇಳುವ ಮೂಗಿಗೆ ಹೇಗೆ ಬಂದೀತು? ಎಂಟು ದಿನ ಊರಿನ ಗಾಳಿ ಕುಡಿದು ಬಂದವನಿಗೆ ಬಂತು. ಕೈಗೆ ದಪ್ಪ ಅರಿವೆ ಸುತ್ತಿಕೊಂಡು ಬೆಕ್ಕನ್ನು ಹಿಡಿದ. ಈ ಸಲ ಬಾಯಿ ತೆರೆಸಿ ನೋಡಿದೆ. ನಾಲಿಗೆ ಬೆಳ್ಳಗೆ ಸುಟ್ಟು ಸಿಪ್ಪೆ ಏಳುತ್ತಿತ್ತು. ಅಂಗಾಲು ಕೆಂಪಗೆ ಬೆಂದಿದ್ದವು. ಕೆಳಗೆ ಹಾಸಿದ ಗೋಣಿತಟ್ಟು ಖೋಲಿ ಒರೆಸಿದ ಅದೇ ತಟ್ಟು, ಒಣಗಿಸಿ ಹಾಸಿದ್ದರು. ಬೆಕ್ಕು ಒರೆಸಿದ ನೆಲದ ಮೇಲೆ ಓಡಾಡಿದೆ, ಮಲಗಿದೆ, ಮೈಕಾಲು ನೆಕ್ಕಿಕೊಂಡಿದೆ. ದನಕ್ಕೆ ಔಷಧವಾದದ್ದು ಬೆಕ್ಕಿಗೆ ವಿಷ. ಕಾಲೇಜಿನಲ್ಲಿ ಒಂದು ಸಾಲು ಹೇಳಿದ್ದರು, ಬೆಕ್ಕಿನ ಪಾಠ ಯಾರಿಗೆ ಬೇಕು ಎಂದು ನಾನು ಬರೆದುಕೊಂಡಿರಲಿಲ್ಲ.

ಮನೆಗೆ ಹೊಸದಾಗಿ ಬಂದದ್ದು ನನ್ನ ಬಾಟ್ಲಿ. ಅದಕ್ಕೇ ನಾನು ಆ ಪ್ರಶ್ನೆ ಕೇಳಲಿಲ್ಲವೋ ಏನೋ!

ಕುಸುಬಿ ಎಣ್ಣೆ ಹಚ್ಚಿ ಮೈಕಾಲು ಒರೆಸಿದೆವು, ಕಡಲೆಹಿಟ್ಟಿನಲ್ಲಿ ತೊಳೆದೆವು, ತಟ್ಟು ಸುಟ್ಟು ಹಾಕಿ ಸ್ವಚ್ಛ ಅರಿವೆ ಹಾಸಿದೆವು. ತತ್ತಿಯ ಬಿಳಿ ಭಾಗವನ್ನು ಹಾಲಿನಲ್ಲಿ ಕಲಸಿ ಹನಿ ಹನಿಯಾಗಿ ಬಿಟ್ಟೆವು. ಗುರುಪಾದಪ್ಪ, "ನಾ ಹೇಳ್ಲೇನ್ರಿ ಚಾಚಿಗೆ?" ಅಂದ. ಬೇಡ, ನಾನೇ ಹೇಳುತ್ತೇನೆ ಅಂದೆ.

ಸಂಜೆಯ ಬಸ್ಸಿಗೆ ಹೋಗಿ ನಿಂತೆ. ತಾಯಿ ಮಗಳು ಇಳಿದರು. ಮುಮ್ತಾಜ ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು ಬಾಗಿ ನಡೆಯುತ್ತಿದ್ದಳು. ಅಲ್ಲೇ, ಜನರ ನಡುವೆಯೇ ಹೇಳಿದೆ. ನಾನು ಕೊಟ್ಟ ಫಿನೈಲಿನಿಂದ ಬೆಕ್ಕಿನ ಬಾಯಿ ಸುಟ್ಟಿದೆ, ಹುಚ್ಚು ಅಂದದ್ದು ನನ್ನ ತಪ್ಪು, ಆದರೆ ಪೂರ್ತಿ ಖಾತ್ರಿ ಆಗುವತನಕ ಸೂಜಿ ನಿಲ್ಲಿಸುವಂತಿಲ್ಲ. ಚಾಚಿ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ತನ್ನ ಹಣೆ ಬಡಿದುಕೊಂಡಳು. "ಯಾ ಅಲ್ಲಾ! ಮಗಳ ಖೋಲಿ ಅಂತ ನಾನಽ ಎರಡು ಪಟ್ಟು ಹಾಕೀನ್ರಿ ಸಾಹೇಬ್ರ."

ಮುಮ್ತಾಜ ಕೇಳಿದ್ದು ಒಂದೇ: "ಡಾಕ್ಟರ್ ಅಣ್ಣಾ, ಹಂಗಾದ್ರ ಬಾದಶಾ ಬದುಕ್ತೈತಲ್ರಿ?"

ಬದುಕಿತು. ಏಳನೆಯ ದಿನ ತಾನೇ ನೀರು ಕುಡಿಯಿತು, ಹತ್ತನೆಯ ದಿನ ಬುಟ್ಟಿಯಿಂದ ಬಿಟ್ಟಾಗ ಗಿರಣಿಯ ಗೋಡೆ ಹತ್ತಿ ಬಿಸಿಲಿಗೆ ಕೂತಿತು. ಸೂಜಿ ಹತ್ತಕ್ಕೆ ನಿಂತಿತು. ಕಚ್ಚಿದ ಮೇಲೆ ಸೂಜಿ ಹಾಕಿಸಿದ್ದು ಸರಿಯೇ, ಅದನ್ನು ಇವತ್ತಿಗೂ ಯಾರಿಗೂ ತಪ್ಪಿಸಬೇಡಿ. ತಪ್ಪಾದದ್ದು ಕಚ್ಚುವುದಕ್ಕಿಂತ ಮೊದಲು. ಮುಂದಿನ ತಿಂಗಳು ಹೆಣ್ಣು ಕೂಸು ಹುಟ್ಟಿತು, ಗುಂಡುಗುಂಡಾಗಿ, ಗಿರಣಿ ಸದ್ದನ್ನೂ ಮೀರಿಸಿ ಅಳುವಂಥದ್ದು. ಅದರ ದನಿ ಕೇಳಿ ನಾನು ದವಾಖಾನೆಯಲ್ಲಿ ಕುಳಿತು ಕಣ್ಣೊರೆಸಿಕೊಂಡೆ.

ಅದೇ ದಿನಗಳಲ್ಲಿ ವಿಜಾಪುರದಿಂದ ದೊಡ್ಡ ಸಾಹೇಬರು ತಪಾಸಣೆಗೆ ಬಂದರು. ರೋಗಿಗಳ ದಾಖಲೆ ಪುಸ್ತಕದಲ್ಲಿ ಎತ್ತು, ಎಮ್ಮೆ, ಕುರಿ, ನಾಯಿ ಎಲ್ಲಕ್ಕೂ ಅಂಕಣವಿತ್ತು, ಬೆಕ್ಕಿಗೆ ಇರಲಿಲ್ಲ. ನಾನು 'ಇತರೆ' ಎಂದು ಹತ್ತು ದಿನವೂ ಬರೆದಿದ್ದೆ. "ಟಿಕೋಟದಾಗ ಎತ್ತು ಮುಗದು ಹೋದುವೇನಪಾ, ಬೆಕ್ಕಿನ ನಾಡಿ ಹಿಡಕೊಂಡು ಕುಂತೀಯಲ್ಲ!" ಎಂದು ಎಲ್ಲರೆದುರು ಝಾಡಿಸಿದರು. ಜೀಪು ಹತ್ತುವಾಗ ಮಾತ್ರ ದನಿ ಇಳಿಸಿ, "ನಮ್ಮ ಮನ್ಯಾಗೂ ಒಂದು ಮುದಿ ಬೆಕ್ಕೈತಿ. ಇತ್ತಿತ್ಲಾಗ ಕಾರಣಿಲ್ಲದ ಒದರ್ತೈತಿ. ಏನಿದ್ದೀತು?" ಅಂದರು. "ಕಿವಿ ಕೇಳ್ತೈತೇನು ನೋಡ್ರಿ ಸರ್" ಅಂದೆ. ಬೆಕ್ಕಿನ ಹಿಂದೆ ನಿಂತು ತಾಟು ಬಡಿದು ನೋಡಿದರಂತೆ, ಅದು ತಿರುಗಿಯೂ ನೋಡಲಿಲ್ಲವಂತೆ. ಮುಂದಿನ ತಪಾಸಣೆಯಲ್ಲಿ 'ಇತರೆ'ಯ ತಂಟೆಗೆ ಬರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ನಗುತ್ತ ಹೇಳುತ್ತಿದ್ದೆ.

ಬಾದಶಾ ಎಲ್ಲರ ಹತ್ತಿರವೂ ಬರುತ್ತಿತ್ತು. ಚಾಚಿಯ ತೊಡೆಗೆ, ಗುರುಪಾದಪ್ಪನ ಹೆಗಲಿಗೆ, ವಿಷ ಕೊಟ್ಟ ನನ್ನ ಕಾಲಿಗೂ ಬಂದು ಮೈ ತಿಕ್ಕುತ್ತಿತ್ತು. ನಾವಿಬ್ಬರೂ ಚಾಚಿಯ ಮನೆಗೆ ಹೋಗುವಾಗ ಕೈ ತೊಳೆದು, ಬಟ್ಟೆ ಬದಲಿಸಿ ಹೋಗುವ ರೂಢಿ ಮಾಡಿಕೊಂಡಿದ್ದೆವು. ಮುಮ್ತಾಜಳನ್ನು ಕಂಡರೆ ಮಾತ್ರ ಬೆಕ್ಕು ಕಿವಿ ಹಿಂದಕ್ಕೆ ಮಡಚಿ ಸರ್ರನೆ ಗೋಡೆ ಹತ್ತುತ್ತಿತ್ತು. ಅಲ್ಲಿ ಕೂತು ದಿನವೆಲ್ಲ ಅವಳನ್ನೇ ನೋಡುತ್ತಿತ್ತು, ಕೆಳಗೆ ಇಳಿಯುತ್ತಿರಲಿಲ್ಲ. ಬಾಣಂತಿ ಬಾಗಿಲ ಹತ್ತಿರ ಕೂಸಿಗೆ ಹಾಲೂಡಿಸುತ್ತ, "ಬಾ ಬಾದಶಾ, ಬಾರಪಾ" ಎಂದು ಕರೆಯುವುದನ್ನು ನಾನು ಎಷ್ಟು ಸಲ ಕೇಳಿದೆನೋ.

ಒಂದು ದಿನ ನನ್ನನ್ನು ನೋಡಿ ನಕ್ಕಳು, ಕಣ್ಣು ನಗಲಿಲ್ಲ. "ಕೊಟ್ಟ ಹೆಣ್ಣಲ್ರಿ ಅಣ್ಣಾ. ಈ ಮನಿಗೆ ಈಗ ನಾನು ಪಾವಣ್ಯಾರು, ನಾಕು ದಿನ ಇದ್ದು ಹೋಗಾಕಿ. ಅಮ್ಮಿ ಬಾಯಿಬಿಟ್ಟು ಅನ್ನೂದಿಲ್ಲ, ಬಾದಶಾ ತೋರಿಸ್ತು."

ಆಗಲಾದರೂ ನಾನು ತಲೆ ಓಡಿಸಬೇಕಿತ್ತು. "ಏನಿಲ್ಲವಾ ತಂಗಿ, ವಯಸ್ಸಾತು ಅದಕ್ಕ. ಮುದುಕರ ಗುಣ" ಎಂದು ತೇಲಿಸಿಬಿಟ್ಟೆ. ಈ ಮಾತನ್ನು ನೀವು ಯಾವತ್ತೂ ಆಡಬೇಡಿ. ವಯಸ್ಸು ಮೆಲ್ಲಗೆ ಬರುತ್ತದೆ. ಮುದಿ ಪ್ರಾಣಿ ಒಮ್ಮೆಲೇ ಬದಲಾದರೆ ಅದಕ್ಕೆ ಎಲ್ಲೋ ನೋವಾಗಿದೆ, ಇಲ್ಲವೇ ಯಾವುದಕ್ಕೋ ಹೆದರಿದೆ. ವಯಸ್ಸು ಅಂದುಬಿಡುವುದು ನಮ್ಮ ಸೋಮಾರಿತನ.

ನಲವತ್ತು ದಿನ ತುಂಬಿ, ಸ್ನಾನ ಮುಗಿದು, ಅವಳು ಬಬಲೇಶ್ವರಕ್ಕೆ ಹೊರಟಳು. ಕೂಸನ್ನು ಗಂಡನ ಕೈಗೆ ಕೊಟ್ಟು ಗೋಡೆಯ ಕೆಳಗೆ ಹೋಗಿ ಎರಡೂ ಕೈ ಮೇಲೆತ್ತಿ ನಿಂತಳು. ಬೆಕ್ಕು ಮುಂದಿನ ಎರಡು ಕಾಲು ಕೆಳಗೆ ಇಳಿಬಿಟ್ಟಿತು, ಮೂಗು ಚಾಚಿತು, ಮತ್ತೆ ಹಿಂದೆ ಸರಿಯಿತು. ಬಸ್ಸಿನವನು ಹಾರ್ನ್ ಹೊಡೆದ.

ಐದಾರು ತಿಂಗಳಲ್ಲಿ ಬಾದಶಾ ಸೊರಗಿತು. ಬಿಂದಿಗೆಗಟ್ಟಲೆ ನೀರು ಕುಡಿಯುತ್ತಿತ್ತು, ಎಲುಬು ಎಣಿಸಬಹುದಿತ್ತು. ಮೂತ್ರಪಿಂಡ ಕೈಕೊಟ್ಟಿತ್ತು. ಮುಪ್ಪೋ, ನನ್ನ ಫಿನೈಲೋ, ಎರಡೂ ಇದ್ದಾವು. ದಿನಾ ಸಂಜೆ ಹೋಗಿ ನೋಡಿ ಬರುತ್ತಿದ್ದೆ. ಒಂದು ಸಂಜೆ ಅದು ಚಾಚಿಯ ಕೌದಿಯ ಮೇಲೆ ಮಲಗಿತ್ತು. ಚಾಚಿ ಬಚ್ಚಲಿನಿಂದ ಕೈ ಒರೆಸಿಕೊಳ್ಳುತ್ತ ಬಂದು ಅದರ ತಲೆ ಸವರಲು ಕೈ ಚಾಚಿದಳು. ಏಳಲೂ ಆಗದಿದ್ದ ಬೆಕ್ಕು ಕಿವಿ ಮಡಚಿ, ತೆವಳಿಕೊಂಡು ಮೂಲೆಗೆ ಹೋಯಿತು.

"ಇದೇನಿದು! ನನಗೂ ಹಿಂಗ ಮಾಡ್ತೈತಲ್ರಿ!"

ನಾನು ಚಾಚಿಯ ಕೈ ಹಿಡಿದು ಮೂಸಿದೆ. ಪರಸ್ತ್ರೀಯ ಕೈ ಎಂಬ ಎಚ್ಚರವೂ ಉಳಿಯಲಿಲ್ಲ. "ಯಾವ ಸಾಬೂನು ಚಾಚಿ?"

"ಮುಮ್ತಾಜ ಬಿಟ್ಟು ಹೋದ ಕೆಂಪು ಸಾಬೂನರಿ. ಕೈ ಕಚ್ಚಿದಾಗ ವಿಜಾಪುರದ ದವಾಖಾನ್ಯಾಗ ನರ್ಸಬಾಯಿ ಇದರಿಂದನಽ ತೊಳ್ಕೊ ಅಂದಿದ್ಲು. ಆಮ್ಯಾಲೆ ಕೂಸಿಗೂ ಛಲೋ ಅಂತ ಆಕಿ ಬಾಣಂತನ ಮುಗಿಯೋತನಕ ಅದನ್ನಽ ಹಚ್ಚಿದ್ಲು. ಇವತ್ತ ನಮ್ಮ ಸಾಬೂನು ತೀರಿತ್ತು."

ಕಾರ್ಬೋಲಿಕ್ ಸಾಬೂನು. ಫಿನೈಲಿನ ಒಡಹುಟ್ಟಿದ ವಾಸನೆ. ಬಾಯಿ ಸುಟ್ಟುಕೊಂಡ ಪ್ರಾಣಿ ಆ ವಾಸನೆಗೆ ಹೆದರಿ ಓಡುತ್ತಿತ್ತು. ಆ ವಾಸನೆ ಇದ್ದದ್ದು ಮುಮ್ತಾಜಳ ಕೈಯಲ್ಲಿ, ಸೆರಗಿನಲ್ಲಿ, ಅವಳ ಕೂಸಿನ ಮೈಯಲ್ಲಿ. ಚಾಚಿಗೆ ತಿಳಿಸಿ ಹೇಳಿದೆ. ಅವಳು ಸಾಬೂನನ್ನು ತಿಪ್ಪೆಗೆ ಎಸೆದು ಬಂದು, ಕಡಲೆಹಿಟ್ಟು ಹಚ್ಚಿ ಕೈ ತಿಕ್ಕಿ ತೊಳೆದು ಮೂಲೆಯಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಬೆಕ್ಕು ಅವಳ ತೊಡೆಗೆ ಬಂತು. "ನಾಳೆ ಕರಸ್ತೀನ್ರಿ ಮಗಳನ್ನ" ಎಂದು ಅತ್ತಳು. ಮೂರನೆಯ ದಿನ ಬೆಳಿಗ್ಗೆ, ಹೇಳಿ ಕಳಿಸಿದ ಸುದ್ದಿ ಬಬಲೇಶ್ವರ ಮುಟ್ಟುವ ಮೊದಲೇ, ಬಾದಶಾ ಹೋಯಿತು.

ಆ ವಾರ ನನಗೆ ಬಬಲೇಶ್ವರದಲ್ಲಿ ದನಗಳಿಗೆ ಲಸಿಕೆ ಹಾಕುವ ಕೆಲಸವಿತ್ತು. ನೀವೇ ಹೇಳಿ ಬರ್ರಿ ಎಂದಳು ಚಾಚಿ. ಮುಮ್ತಾಜ ಅಂಗಳದಲ್ಲಿ ಕೂಸನ್ನು ಚಾಪೆಯ ಮೇಲೆ ಬಿಟ್ಟು ಜೋಳ ಹಸನು ಮಾಡುತ್ತಿದ್ದಳು. ನನ್ನ ಮುಖ ನೋಡಿಯೇ ಮೊರ ಕೆಳಗಿಟ್ಟಳು.

"ಹೋತೇನ್ರಿ?"

"ಹೋತವಾ."

"ಕಡೀಕೂ ನನ್ನ ಹಂತ್ಯಾಕ ಬರಲಿಲ್ಲ ನೋಡ್ರಿ" ಅಂದಳು.

ಆಗ ಹೇಳಿದೆ. ಸಾಬೂನಿನ ಕತೆ, ಚಾಚಿಯ ಕೈ, ಆ ಮೂಲೆ, ಎಲ್ಲ. ಕೂಸು ಜೋಳದ ಕಾಳನ್ನು ಬಾಯಿಗೆ ಹಾಕಿಕೊಳ್ಳಲು ಹೋಯಿತು, ಅವಳು ಅದನ್ನು ಬೆರಳಿನಿಂದ ತೆಗೆದಳು.

"ಅಂದ್ರ ಅದು ನನ್ನ ಮರ್ತಿದ್ದಿಲ್ಲೇನ್ರಿ?"

"ಇಲ್ಲವಾ. ಮರ್ತಿದ್ರ ದಿನಾ ಗ್ವಾಡಿ ಮ್ಯಾಲೆ ಕುಂತು ಯಾಕ ನೋಡ್ತಿತ್ತು? ಅದು ನಿನ್ನ ದಾರಿನಽ ಕಾಯಾಕತ್ತಿತ್ತು. ಆ ವಾಸನಿ ಸರದು ನೀ ಯಾವಾಗ ಬರ್ತೀಯೋ ಅಂತ."

ಸಮಾಧಾನ ಆಗಲಿ ಎಂದು ಆಡಿದ ಮಾತು. ಅವಳು ನನ್ನ ಮುಖವನ್ನೇ ನೋಡಿದಳು.

"ನಾನೂ ಅಲ್ಲೇ ಕುಂತಿದ್ನೆಲ್ರಿ ಅಣ್ಣಾ. ನಲವತ್ತು ದಿನ."

ಅಷ್ಟು ಹೇಳಿ, ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ನನಗೆ ಚಹಾ ಮಾಡಲು ಒಳಗೆ ಹೋದಳು.